ಪುಟ ಮೂವತ್ತೊಂದರ ತಪ್ಪು

ಡೊಂಬಿವಲಿಯ ಕೊನೆಯ ಲೋಕಲು ಹೋದ ಮೇಲೆ
ಹಳಿಗಳು ತಣ್ಣಗಾಗುವ ಹೊತ್ತಿಗೆ
ಕೂರುತ್ತೇನೆ ನಾನು, ಕಳ್ಳರನ್ನು ಹಿಡಿಯಲು.
ಸಂಬಳವಿಲ್ಲ. ಲಾಠಿಯಿಲ್ಲ.
ಒಂದು ಹಳೆಯ ಲ್ಯಾಪ್‌ಟಾಪು, ಎಡಗಣ್ಣಲ್ಲಿ ಪೊರೆ,
ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಕೆಟ್ಟ ಚಟ.

ಎಲ್ಲರೂ ಬರೆಯುವ ವಿಶ್ವಕೋಶ ಅದು.
ಬರೆಯುವವರು ಕಡಿಮೆ, ತಂದು ಸುರಿಯುವವರು ಬಹಳ:
ಶಾಲೆಯ ಪಾಠ, ಪತ್ರಿಕೆಯ ಪುರವಣಿ,
ಯಾರದೋ ಪಿಎಚ್‌ಡಿಯ ಮೂರನೇ ಅಧ್ಯಾಯ
ಅಡಿಟಿಪ್ಪಣಿಯ ಅಂಕೆ ಸಮೇತ.
ಟಿಪ್ಪಣಿ ಇಲ್ಲ, ಅಂಕೆ ಮಾತ್ರ,
ಕದ್ದ ಎಮ್ಮೆಯ ಕಿವಿಯಲ್ಲಿ ಉಳಿದ ಬಿಲ್ಲೆಯ ಹಾಗೆ.

ಸಾಲು ಎತ್ತುತ್ತೇನೆ, ಹುಡುಕುತ್ತೇನೆ, ಅಳಿಸುತ್ತೇನೆ.
ಚರ್ಚೆಯ ಪುಟದಲ್ಲಿ ಹೇಳುತ್ತೇನೆ:
ದಯವಿಟ್ಟು ನಿಮ್ಮದೇ ಮಾತಿನಲ್ಲಿ ಬರೆಯಿರಿ.
ಆ ‘ದಯವಿಟ್ಟು’ ಒಂದನ್ನು ಪ್ರತಿ ಸಲ ನಾನೇ ಟೈಪು ಮಾಡುತ್ತೇನೆ.
ಉಳಿದದ್ದು ನಾನೂ ಅಂಟಿಸುವುದೇ.

ಕಳೆದ ವಾರ ಬಂತು ಒಂದು ರಾತ್ರಿಶಾಲೆ.
ಫೋರ್ಟಿನ ಬಜಾರ್‌ಗೇಟ್ ಗಲ್ಲಿ, ಮಾಳಿಗೆಯಲ್ಲಿ ಆರು ಬೆಂಚು,
ಗ್ಲಾಸು ತೊಳೆಯುವ ಹುಡುಗರಿಗೆ
ಒಂಬತ್ತರಿಂದ ಹನ್ನೊಂದರವರೆಗೆ ಕನ್ನಡ, ಲೆಕ್ಕ.
ಗದ್ಯ ಚೆನ್ನಾಗಿತ್ತು. ಅದೇ ಅನುಮಾನ.
ವಿಶ್ವಕೋಶದಲ್ಲಿ ಒಳ್ಳೆಯ ಗದ್ಯ ಕಂಡರೆ
ಹಾರು ಹೊಡೆದ ಬಾಗಿಲು ಕಂಡ ಹಾಗೆ,
ಹೊರಗೇ ನಿಂತು ಒಮ್ಮೆ ಕೂಗಬೇಕು.

ಎಲ್ಲೂ ಮೂಲ ಸಿಗಲಿಲ್ಲ. ಯಂತ್ರ ಕೈಚೆಲ್ಲಿತು.
ಆಗ ಈ ಸಾಲು:
“ಒದ್ದೆ ಕೈ ಒರೆಸಿಕೊಳ್ಳದೆ ಬಂದ ಹುಡುಗರು
ಇಲ್ಲಿ ಹತ್ತು ವರ್ಷ ಓಡಿದರು.”

ಓಡಿದರು.

ಓದಿದರು ಆಗಬೇಕು ಅದು.
ಎಂಬತ್ತನಾಲ್ಕು, ಗಿರಗಾಂವದ ಅಚ್ಚುಕೂಟ, ಬೆಳ್ಳಿಹಬ್ಬದ ಸಂಚಿಕೆ.
‘ದಿ’ಯ ಮನೆಯಲ್ಲಿ ಒಂದು ‘ಡಿ’ ಮೊಳೆ ಬಿದ್ದಿತ್ತು.
ಕರಡು ನೋಡಿದವಳು ನಾನು.
ಯಾಕೆ ತಪ್ಪಿದೆ, ನೆನಪಿಲ್ಲ. ತಪ್ಪು ನೆನಪಿದೆ.
ಬರೆದ ಐತಪ್ಪ ಸಾಲಿಯಾನರು ಪ್ರತಿ ಹಿಡಿದು ಬಂದರು,
ಬೆರಳಿಟ್ಟು ತೋರಿಸಿದರು, ಬೈಯಲಿಲ್ಲ.
“ಇರಲಿ ಬಿಡಿ ಗುಲಾಬಿಯಕ್ಕ, ಓಡಿದ್ದೂ ಹೌದಲ್ಲ.”
ಮುನ್ನೂರು ಪ್ರತಿ. ಒಪ್ಪೋಲೆ ಅಚ್ಚಾಗಲಿಲ್ಲ.

ನಲವತ್ತು ವರ್ಷ ತಲೆಮರೆಸಿಕೊಂಡಿದ್ದ ನನ್ನ ತಪ್ಪು
ಪರದೆಯ ಮೇಲೆ ಬಂದು ಸಾಕ್ಷಿ ನುಡಿಯಿತು.
ಅಳಿಸಿದೆ.

ಬೆಳಗಿನ ಜಾವ ಉತ್ತರ. ಒಂದೇ ಬೆರಳಿನ ಟೈಪು,
ಒತ್ತಕ್ಷರಗಳೆಲ್ಲ ಬಿಡಿಬಿಡಿ:
“ಕದ್ದಿಲ್ಲ. ಬರೆದವರು ತೀರಿಹೋದರು. ಸಂಚಿಕೆ ಗೆದ್ದಲಿಗೆ.
ಉಳಿದದ್ದು ನನ್ನದೊಂದು. ಅಲ್ಲಿ ಕಲಿತವ ನಾನು.”
ನಾನೆಂದೆ: ಸತ್ತವರ ಬರಹ ಸತ್ತ ಮೇಲೂ
ಅರುವತ್ತು ವರ್ಷ ಅವರ ಮನೆಯವರದ್ದು.
“ಹಾಗಾದರೆ ನಾನು ಕಂಡದ್ದು ಬರೆಯಲೇ?”
ಕಂಡದ್ದಕ್ಕೆ ಆಧಾರ ಬೇಕು. ಅಚ್ಚಾದ ಆಧಾರ.
“ಅಚ್ಚಾದದ್ದನ್ನೇ ಅಲ್ಲವೇ ನಾನು ಹಾಕಿದ್ದು?”

ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತು. ಎದ್ದೆ.
ಎರಡು ಬಕೆಟ್ಟು ತುಂಬಿದರೂ
ಉತ್ತರ ಹೊಳೆಯಲಿಲ್ಲ.

ಸಾಲಿಯಾನರ ಮಗಳು ವಸಾಯಿಯಲ್ಲಿದ್ದಾಳಂತೆ. ಕಾಗದ ಬರೆದೆ:
ನಿಮ್ಮ ತಂದೆಯ ನಾಲ್ಕು ಪುಟ ಬಿಟ್ಟುಕೊಡುವಿರಾ,
ಯಾರು ಬೇಕಾದರೂ ಬಳಸುವ ಹಾಗೆ,
ತಿದ್ದುವ ಹಾಗೆ, ಮಾರುವ ಹಾಗೆ ಕೂಡ?
ಓದಿಕೊಂಡಾಗ ನನಗೇ ಹೆದರಿಕೆಯಾಯಿತು.
ಯಾವ ಮಗಳು ಒಪ್ಪುತ್ತಾಳೆ ಇದಕ್ಕೆ?
ಇನ್ನೂ ಅಂಚೆಗೆ ಹಾಕಿಲ್ಲ.

ಸದ್ಯಕ್ಕೆ ಪುಟದಲ್ಲಿ ಮೂರು ವಾಕ್ಯ, ನನ್ನವು.
ಹೆಸರು, ಗಲ್ಲಿ, ಇಸವಿ.
ಕೆಳಗೆ ಆಧಾರ: ಬೆಳ್ಳಿಹಬ್ಬದ ಸಂಚಿಕೆ, ಪುಟ ೩೧.
ಒಣಗದ್ಯ. ಯಾರೂ ಕದಿಯಲಾರರು.

ಹಳೆಯದು ಎಲ್ಲೂ ಹೋಗಿಲ್ಲ.
ಇತಿಹಾಸದ ಪುಟದಲ್ಲಿ ಗೆರೆ ಎಳೆದು ಮುಚ್ಚಿದೆ,
ಬೀಗದ ಕೈ ನಮ್ಮಂಥ ನಾಲ್ಕೈದು ಜನರ ಬಳಿ.
ನಿನ್ನೆ ರಾತ್ರಿ ತೆರೆದು ನೋಡಿದೆ.
ಕಳೆದುಹೋದ ಆವೃತ್ತಿಯನ್ನು ತಿದ್ದಲು
ನನಗೂ ಅಧಿಕಾರವಿಲ್ಲ.
ಒದ್ದೆ ಕೈಯ ಹುಡುಗರು
ಇನ್ನೂ ಓಡುತ್ತಿದ್ದಾರೆ.