ಐದು ಗೆದ್ದು ಏಳು ಸೋತವರು

ಹೆಲ್ಮೆಟ್ಟುಗಳನ್ನೆಲ್ಲ ಒರೆಸಿ ಗೂಡಿಗೆ ಸೇರಿಸಿದ್ದೆ.
ಭುಜಗವಚ, ಮೊಣಕಾಲ ಪಟ್ಟಿ,
ಹುಲ್ಲಿನ ಕರೆ ಬಿಡದ ನೂರಾ ಹದಿಮೂರು ಚಡ್ಡಿ,
ಎಣಿಸಿ, ಬರೆದು, ಕಾಲೇಜಿನ ಬೀಗ ಜಡಿದಿದ್ದೆ.
ಹೊರಗೆ ನೆಬ್ರಾಸ್ಕದ ಡಿಸೆಂಬರು.
ಗಾಳಿಗೆ ಮೂಳೆ ಎಣಿಸುವ ಕೆಲಸ.

ಐದು ಗೆದ್ದೆವು. ಏಳು ಸೋತೆವು.
ಆರು ಗೆದ್ದವರಿಗೆ ಮಾತ್ರ ಬೌಲ್ ಪಂದ್ಯ ಎಂಬುದು
ಈ ಊರಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು.
ಕೊನೆಯ ಆಟದ ಕೊನೆಯ ಗಳಿಗೆ
ಓಡ್ವಿನ್ ಸ್ಟ್ರಾಲಿ ಒದ್ದ ಮೊಟ್ಟೆಚೆಂಡು
ಕಂಬಕ್ಕೆ ಬಡಿದು ಠಣ್ ಎಂದದ್ದು
ಇವತ್ತಿಗೂ ನನ್ನ ಒಗೆಯುವ ಯಂತ್ರದ ಹೊಟ್ಟೆಯಲ್ಲಿ
ಯಾರದೋ ಜೇಬಿನ ನಾಣ್ಯವಾಗಿ ತಿರುಗುತ್ತದೆ.

ಮೂರು ವರ್ಷದ ಹಿಂದೆ ಏಳು ಗೆದ್ದಿದ್ದೆವು, ಗೊತ್ತೆ?
ಆಗ ಬಂದಿದ್ದರು ಹಳದಿ ಕೋಟಿನ ಇಬ್ಬರು.
ಆಟ ನೋಡಲಿಲ್ಲ, ಗ್ಯಾಲರಿ ನೋಡಿದರು.
ಎಷ್ಟು ತಲೆ, ಎಷ್ಟು ಕಾರು,
ಕರೆದರೆ ಸಾವಿರ ಮೈಲಿ ದಾಟಿ ಎಷ್ಟು ಜನ ಬಂದಾರು,
ಬಂದವರು ಎಷ್ಟು ರಾತ್ರಿ ಹೋಟೆಲಲ್ಲಿ ಮಲಗಿಯಾರು,
ಹೆಣ್ಣು ನೋಡಲು ಬಂದವರು
ಕೊಟ್ಟಿಗೆಯ ದನ ಎಣಿಸಿದ ಹಾಗೆ.
ನಮ್ಮ ತಿಂಡಿ ತಿಂದರು, ಕೈ ಕುಲುಕಿದರು, ಹೋದರು.
ಆರೇ ಗೆದ್ದ ದೊಡ್ಡೂರಿನವರನ್ನು ಕರೆದರು.
"ಅವರ ಜನ ಪ್ರಯಾಣ ಮಾಡ್ತಾರೆ" ಎಂದಿತಂತೆ ಫೋನು.
ನಮ್ಮ ಜನಕ್ಕೆ ಬೆಳಗ್ಗೆ ಮೇವು ಹಾಕುವುದಿರುತ್ತದೆ.

ಈ ಭಾನುವಾರ ಬೇರೆ ತಮಾಷೆ.
ಟೈರಿನವರದೊಂದು ಬೌಲು, ಹಾಸಿಗೆಯವರದೊಂದು,
ಗೋಡೆಬಣ್ಣದವರದು, ಸಾಲ ಕೊಡುವವರದು,
ಬಡಿಸಲು ನಿಂತವರು ಹೆಚ್ಚು, ಉಣ್ಣುವವರು ಕಡಿಮೆ.
ಇಡೀ ದೇಶದಲ್ಲಿ ಆರು ಗೆದ್ದವರು
ಎರಡು ತಂಡ ಸಾಲದೆ ಬಂದರು.
ಪಂಕ್ತಿಯಲ್ಲಿ ಜಾಗ ಖಾಲಿ ಬಿಡುವಂತಿಲ್ಲ,
ಟಿವಿಯವರು ಕಾಯುತ್ತಿದ್ದಾರೆ.
ಆಗ ತೆಗೆಯುತ್ತಾರೆ ಇನ್ನೊಂದು ಲೆಕ್ಕದ ಪುಸ್ತಕ:
ಐದು ಗೆದ್ದವರಲ್ಲಿ ಯಾರ ಹುಡುಗರು
ತರಗತಿಯಲ್ಲಿ ಕೂತರು, ಪಾಸಾದರು,
ನಡುವೆ ಬಿಟ್ಟು ಹೋಗದೆ ಉಳಿದರು?

ಅಲ್ಲಿ ನಾವು ಮೇಲಿದ್ದೆವು.

ಬೀಗದ ಕೈ ಕೇಳಲು ಕೋಚ್ ತಾನೇ ಬಂದ,
ಹಿಮದಲ್ಲಿ, ಮನೆಯ ಚಪ್ಪಲಿಯಲ್ಲಿ.
"ಮಾರ್ವೆಟಾ, ಎಲ್ಲ ಹೊರಗೆ ತೆಗಿ. ಕರೆದಿದ್ದಾರೆ."
ಹುಡುಗರು ಮೆಟ್ಟಿಲು ನಡುಗುವಂತೆ ಕುಣಿದರು.
ಓಡ್ವಿನ್ ಮಾತ್ರ ಗೋಡೆಗೆ ಹಣೆ ಒತ್ತಿ ನಿಂತ.
ಅಳುವೋ ನಗುವೋ, ಅವನ ಹೆಗಲಿಗೂ ತಿಳಿದಿರಲಿಲ್ಲ.

ನನಗೆ ನೆನಪಾದವನು ಲ್ಯಾಂಬರ್ಟ್ ವ್ರಾನಾ.
ಎರಡನೇ ವರ್ಷವೇ ಮೊಣಕಾಲು ಹೋಯಿತು.
ಎರಡು ಸಲ ಕೊಯ್ದರು,
ಮೂರನೆಯದಕ್ಕೆ ಡಾಕ್ಟರೇ ಬೇಡವೆಂದರು.
ಊರಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ.
ನನ್ನ ಡ್ರೈಯರಿಗೆ ಬೆನ್ನು ಕೊಟ್ಟು, ಬಿಸಿಗೆ ಕಾಲು ಚಾಚಿ
ಮಣ್ಣಿನ ರಸಾಯನಶಾಸ್ತ್ರ ಓದುತ್ತಿದ್ದ.
ಒಮ್ಮೆ ನಪಾಸು. ಮತ್ತೆ ಕಟ್ಟಿದ. ಸಿ ಬಂತು.
ಆ ಸಿಯನ್ನು ಸೋಪಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿ
ಇಬ್ಬರೂ ಸೋಡಾ ಕುಡಿದಿದ್ದೆವು.
ಹೋದ ಮೇ ತಿಂಗಳು ಡಿಗ್ರಿ ಹಿಡಿದು ಹೊರಟ.
ಆ ಪುಸ್ತಕದಲ್ಲಿ ಅವನ ಪಾಸಿಗೆ ಒಂದು ಅಂಕವಂತೆ,
ಅವನು ಉಳಿದದ್ದಕ್ಕೆ ಇನ್ನೊಂದು.
ಯಾವ ಗ್ಯಾಲರಿಯೂ ಎದ್ದು ನಿಲ್ಲದ ಅಂಕಗಳು.

ಫೋನು ಮಾಡಿದೆ. ಆ ಕಡೆ ಜೋಳದ ಗೋದಾಮಿನ ಗದ್ದಲ.
"ಬಸ್ಸಲ್ಲಿ ನಿನಗೂ ಜಾಗ ಇದೆ" ಎಂದುಬಿಟ್ಟೆ,
ಯಾರನ್ನೂ ಕೇಳದೆ.
"ಯಾವತ್ತು ಆಟ?"
"ಇಪ್ಪತ್ತಾರಕ್ಕೆ."
"ಅವತ್ತು ನನ್ನ ಪಾಳಿ" ಎಂದ. ಸ್ವಲ್ಪ ಹೊತ್ತು ಜೋಳ ಸುರಿಯಿತು.
"ಚೆಂಡು ಹಿಡಿಯುವವನಿಗೆ ಹೇಳು,
ಹೊಲಿಗೆ ಆಚೆ ಮುಖಕ್ಕಿರಲಿ.
ಅವತ್ತು ಈಚೆಗಿತ್ತು. ಟಿವಿಯಲ್ಲಿ ಕಂಡಿತು.
ಓಡ್ವಿನ್ನನ ತಪ್ಪಲ್ಲ ಅದು."

ಗೂಡಿನಿಂದ ಒಂದೊಂದೇ ಇಳಿಸಿದೆ.
ಐವತ್ತೆಂಟನೇ ನಂಬರಿನ ಅಂಗಿ ಈಗ ಬೇರೆಯವನದು.
ಕಾಲರಿನ ಒಳಗೆ ಹಳೇ ಶಾಯಿಯಲ್ಲಿ ವ್ರಾನಾ ಎಂದಿದೆ.
ಎಷ್ಟು ಒಗೆದರೂ ಹೋಗಿಲ್ಲ.
ನಾನೂ ಅಷ್ಟು ಉಜ್ಜಿಲ್ಲ.