ಪಕ್ಕದಿಂದ ತೆಗೆದ ಚಿತ್ರ

ಕೆಮ್ಮಿಗೆಂದು ಬಂದವಳು.
ಚೀಟಿಯಲ್ಲಿ ಬರೆದದ್ದು ಎದೆ ಮಾತ್ರ:
ಎದುರಿನದೊಂದು, ಪಕ್ಕದ್ದೊಂದು.
ಮೇವಿಸ್ ಆಡ್ಲಾರ್ಡ್, ಎಪ್ಪತ್ತೊಂಬತ್ತು,
ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಚೂರಿ ಹಿಡಿದವಳು.

ಗದ್ದ ಎತ್ತಿ ಅಂದೆ. ಎತ್ತಿದಳು, ಆದಷ್ಟು.
ನೆಟ್ಟಗೆ ನಿಲ್ಲಿ ಅಂದೆ.
ಇದೇ ಕಣಮ್ಮ ನನ್ನ ನೆಟ್ಟಗೆ, ಅಂದಳು.

ಉಸಿರು ಹಿಡಿಸಿ, ಬಿಡಿಸಿ,
ಪರದೆಯ ಮುಂದೆ ಕೂತೆ.
ಶ್ವಾಸಕೋಶ ತಿಳಿ, ಒರೆಸಿಟ್ಟ ಲಾಂದ್ರದ ಗಾಜು.
ಕೇಳಿದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.
ಮುಗಿಸಬಹುದಿತ್ತು. ಹೊರಗೆ ಹನ್ನೊಂದು ಜನ,
ಗಾಲಿಕುರ್ಚಿಯಲ್ಲೊಬ್ಬ ಬಯ್ಯುತ್ತಿದ್ದ.

ಆದರೆ ಹಿಂದೆ, ಹೃದಯದ ನೆರಳಿನಾಚೆ,
ಲಗೋರಿಯ ಬಿಲ್ಲೆಗಳ ಹಾಗೆ ಒಂದರ ಮೇಲೊಂದು.
ಎಣಿಸುತ್ತ ಇಳಿದೆ.
ಏಳರವರೆಗೂ ಚೌಕ, ಮಸುಕಾದರೂ ಚೌಕ.
ಎಂಟನೆಯದು ಮುಂದೆ ಕುಸಿದು
ಬಾಗಿಲಡಿಗೆ ತುರುಕುವ ಬೆಣೆಯಾಗಿತ್ತು.
ಹನ್ನೆರಡನೆಯದರ ನಡುವೆ ಗುಳಿ,
ಹಸಿ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ.
ಉಳಿದವು ಸುಣ್ಣ ಉದುರಿದ ಗೋಡೆ,
ಅಂಚು ಮಾತ್ರ ಸೀಸದಕಡ್ಡಿಯಲ್ಲಿ ಗೀಚಿಟ್ಟದ್ದು.

ಬಿದ್ದಿದ್ದಿರಾ?
ಇಲ್ಲ. ನವೆಂಬರಲ್ಲಿ ಕಿಟಕಿ ಸಿಕ್ಕಿಕೊಂಡಿತ್ತು, ಎತ್ತಿದೆ.
ಒಳಗೆ ಬಿಸ್ಕತ್ತು ಮುರಿದ ಸದ್ದು.
ಅವಳಿಗೆ ಬಿಸ್ಕತ್ತು. ನನ್ನ ಕಿವಿಗೆ ಹಪ್ಪಳ.
ಡಾಕ್ಟರು ವಯಸ್ಸು ಅಂದರು. ನಾನೂ ಅಂದುಕೊಂಡೆ.
ಆಮೇಲೆ ಟೀ ಡಬ್ಬಿಯ ಹಲಗೆ ಮೇಲೇರಿತು,
ಕೋಟು ಉದ್ದವಾಯಿತು,
ತಂಗಿಯ ಮದುವೆಗೆ ಹೊಲಿಸಿದ ಕೋಟು,
ಇಷ್ಟು ವರ್ಷ ಇಲ್ಲದ್ದು ಈಗ ಹೇಗೆ ಬೆಳೆಯುತ್ತೆ ಹೇಳು?

ನಾನು ಹೇಳುವಂತಿಲ್ಲ.
ಚಿತ್ರ ತೆಗೆಯುವವಳು ನಾನು; ಓದಿ ಹೇಳಲು ಬೇರೆಯವರಿದ್ದಾರೆ.
ಪರದೆ ತಿರುಗಿಸಲು ಹೋದೆ, ತಡವಾಗಿತ್ತು.
ಗುಂಡಿ ಹಾಕಿಕೊಳ್ಳುತ್ತ ಹತ್ತಿರ ಬಂದವಳು
ಗಾಜಿಗೆ ಉಗುರಿಟ್ಟು
ಕುತ್ತಿಗೆಯಿಂದ ಕೆಳಕ್ಕೆ ಒಂದೊಂದೇ ಮಣಿ ದಾಟಿಸುತ್ತ,
ಮೀನಿನ ಬೆನ್ನಿಗೆ ಚೂರಿ ಆನಿಸಿ ಆನಿಸಿ
ಕತ್ತಲಲ್ಲೂ ಲೆಕ್ಕ ತಪ್ಪದ ಕೈ ಅದು,
ಎಂಟರಲ್ಲಿ ನಿಂತಳು.

ಇಂಥದ್ದು ಬಂದರೆ ನಾನು ಪಕ್ಕದ ತೊಟ್ಟಿಗೆ ಎಸೀತಿದ್ದೆ.
ಬಲೆಯಲ್ಲಿ ಜಜ್ಜಿದ ಮೀನು. ಹಲಗೆಗೆ ಬರೋದಲ್ಲ.
ನಕ್ಕಳು. ನಗುವಾಗ ಕೈ ಪಕ್ಕೆಗೆ ಹೋಯಿತು.
ಎಷ್ಟು ದಿನದಿಂದ ಮುರಿದಿದೆ ಇದು?

ಬಾಯಿ ಬಿಡಲಿಲ್ಲ ನಾನು. ಷರಾದಲ್ಲಿ ಟೈಪಿಸಿದೆ:
ಎದೆ ಸರಿಯಿದೆ ಎಂದು ಮುಚ್ಚಬೇಡಿ.
ಬೆನ್ನು ನೋಡಿ. ಎಂಟು, ಹನ್ನೆರಡು.
ಮೂಳೆಯ ಸಾಂದ್ರತೆ ಅಳೆಯಿರಿ.
ಮೂಲೆಯಲ್ಲೊಂದು ಕೆಂಪು ಚುಕ್ಕೆ ಇಟ್ಟೆ,
ಯಾರಾದರೂ ತಡೆದು ನಿಲ್ಲುವಷ್ಟು ದಪ್ಪ.

ಕಾರಿಡಾರಿನಲ್ಲಿ ಹೋದಳು, ನೆಲ ನೋಡುತ್ತ,
ಏನೋ ಬೀಳಿಸಿಕೊಂಡು ಹುಡುಕುವವಳಂತೆ.
ಮುಂದಿನ ಹೆಸರು ಕರೆದೆ.
ಗಾಲಿಕುರ್ಚಿಯವನು, ಇನ್ನೂ ಬಯ್ಯುತ್ತಲೇ,
ಮಣಿಕಟ್ಟು ಮುಂದೆ ಚಾಚಿದ.
ಒಂದು ಗಳಿಗೆ ಸರಿದು ನಿಂತು
ಅವನನ್ನೂ ಪಕ್ಕದಿಂದ ನೋಡಿದೆ.