ಚುಚ್ಚಿದ್ದೂ ಅದೇ

ನಾಲೆಯ ಏರಿಗುಂಟ, ಮಿಲ್ಡೂರಾದಿಂದ ಆರು ಕಿಲೋಮೀಟರಿಗೆ
ಹಿಂದಿನ ಗಾಲಿ ಚಿಟಿಕ್ ಎಂದಿತು.
ಸುತ್ತಿಗೊಂದು ಚಿಟಿಕ್,
ಚಪ್ಪಲಿಗೆ ಹರಳು ಸಿಕ್ಕ ಹಾಗೆ.

ಇಳಿದು ನೋಡಿದರೆ ನೆಗ್ಗಿಲು ಮುಳ್ಳು.
ಅದೇ ಆಡಿನ ತಲೆ, ಅದೇ ಎರಡು ಕೋಡು,
ಹೇಗೆ ಬಿದ್ದರೂ ಒಂದು ಮೊನೆ ಮುಗಿಲಿಗೆ.
ತಿಕೋಟಾದ ಬದುವಿನ ಮೇಲೆ
ನನ್ನ ಹಿಮ್ಮಡಿಗೆ ಹೊಕ್ಕಿದ್ದರ ಯಾವ ಸಂಬಂಧಿಯೋ,
ಯಾವ ಹಡಗಿನ ಯಾವ ಕುರಿಯ ಉಣ್ಣೆಗೆ ಅಂಟಿ ಬಂತೋ.

ಕಿತ್ತೆ. ಸುಂಯ್ ಎಂದಿತು. ಬಿಳಿ ಹಾಲು ಚಿಮ್ಮಿತು
ಎಕ್ಕದ ಎಲೆ ಮುರಿದ ಹಾಗೆ,
ನನ್ನ ಮೊಳಕಾಲಿಗೆ, ಗ್ಲೆನಿಸಳ ಕನ್ನಡಕಕ್ಕೆ.
"ಗಾಲಿ ತಿರುಗಿಸು, ತೂತು ಕೆಳಗೆ ಬರಲಿ"
ಎಂದಳು, ಕನ್ನಡಕ ಒರೆಸದೆ.
ಹಾಲು ಹೆಪ್ಪಾಯಿತು. ಅಷ್ಟೇ.
ಇದರೊಳಗೆ ಟ್ಯೂಬೇ ಇಲ್ಲ,
ಬರೀ ಗಾಳಿ, ಮತ್ತೆ ಅರ್ಧ ಲೋಟ ಹಾಲು.

ನಮ್ಮೂರ ಬಸ್ ನಿಲ್ದಾಣದ ಎದುರು ಕಾಡಪ್ಪ
ಟೈರಿನ ಕರುಳನ್ನೇ ಹೊರಗೆಳೆದು, ಬುಟ್ಟಿಯ ನೀರಿನಲ್ಲಿ ಅದ್ದಿ
ಗುಳ್ಳೆ ಏಳುವವರೆಗೆ ಊರ ಸುದ್ದಿ ಆಡುತ್ತಿದ್ದ.
ಎದ್ದ ಮೇಲೆ ಮಾತಿಲ್ಲ, ಉಗುರಿನಿಂದ ಒಂದು ಗುರುತು.
ಅಷ್ಟು ಹೊತ್ತು ಸಾಕಿತ್ತು
ಒಬ್ಬ ಮನುಷ್ಯನ ಪರಿಚಯಕ್ಕೆ.
ಇಲ್ಲಿ ಗಾಯ ತಾನೇ ಮುಚ್ಚಿಕೊಂಡಿತು, ಯಾರನ್ನೂ ಕೇಳದೆ.
ನನಗೆ ಸ್ವಲ್ಪ ಬೇಜಾರೇ ಆಯಿತೆನ್ನಿ.

ಬೇಜಾರು ಕಾಲು ಗಂಟೆ ಬಾಳಲಿಲ್ಲ.
ದ್ರಾಕ್ಷಿ ಕಿತ್ತುಹಾಕಿದ ತೋಟದ ಪಕ್ಕ
ಎರಡಿಂಚು ತಂತಿ, ಟೈರಿನ ನಡುನೆತ್ತಿಗೆ.
ಕೈ ಹಾಕಿದೆ.
"ಕೀಳಬೇಡ ಈಗಲೇ!
ಚುಚ್ಚಿದ್ದೂ ಅದೇ, ಸದ್ಯಕ್ಕೆ ಮುಚ್ಚಿದ್ದೂ ಅದೇ."
(ಅವಳಂದದ್ದು ಇಂಗ್ಲಿಷಿನಲ್ಲಿ. ಪ್ರಾಸ ನನ್ನದು.)

ಎಪ್ಪತ್ತೊಂದರ ಮಂಡಿ ಊರಿ ಕೂತಳು.
ನಶ್ಯದ ಡಬ್ಬಿಯಷ್ಟು ಪೆಟ್ಟಿಗೆ: ಒಂದು ದಬ್ಬಳ,
ಕಣ್ಣು ಸೀಳಿದ ಒಂದು ಸೂಜಿ,
ಹುಣಸೆಯ ನಾರಿನಂಥ ಕಂದು ಎಳೆಗಳು, ಅಷ್ಟೇ ಅಂಟು.
"ಮೊದಲು ತೂತು ದೊಡ್ಡದು ಮಾಡು."
ದೊಡ್ಡದು ಮಾಡುವುದೆ?
ಮೂರು ವಾರದ ಓವರ್‌ಟೈಮ್ ಹಾಕಿ ಕೊಂಡ ಸೈಕಲ್ಲು!
ಸಣ್ಣ ತೂತಿಗೆ ಎಳೆ ಹೊಗದು, ಹೊಕ್ಕರೂ ನಿಲ್ಲದು;
ಇದು ತಿಳಿದದ್ದು ಆಮೇಲೆ.
ಆಗ ಕಣ್ಣು ಮುಚ್ಚಿ ತಿರುವಿದೆ,
ರಬ್ಬರು ಕಿರ್ರೆಂದದ್ದು ನನ್ನ ಹಲ್ಲಿನೊಳಗೆ.

ತಂತಿ ಹೊರಗೆ, ದಬ್ಬಳ ಒಳಗೆ. ದಬ್ಬಳ ಹೊರಗೆ, ಸೂಜಿ ಒಳಗೆ.
ಅಂಗೈಯಿಂದ ಒತ್ತು, ಇನ್ನೂ ಒತ್ತು, ಅದಕ್ಕೇನೂ ನೋಯುವುದಿಲ್ಲ,
ಎಳೆಯ ತುದಿ ಎರಡೂ ಮೀಸೆಯಷ್ಟು ಹೊರಗಿರಲಿ,
ಈಗ ಜಗ್ಗು. ಒಮ್ಮೆಗೇ.
ಸೂಜಿ ಬಂತು.
ಎಳೆ ಬರಲಿಲ್ಲ.

ಪಂಪು ಹೊಡೆದೆ, ಎಣಿಸಿ ನೂರಾ ನಲವತ್ತು ಸಲ.
ಗ್ಲೆನಿಸ್ ತಂತಿಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದಳು.
"ಇದು ನಮ್ಮದು," ಎಂದಳು.
"ಈ ಗಂಟು ರಾಯ್ ಹಾಕಿದ್ದು. ಎಡಗೈಯವ,
ಎಲ್ಲವನ್ನೂ ಉಲ್ಟಾ ತಿರುವುತ್ತಿದ್ದ."
ತೋಟ ಮಾರಿ ನಾಲ್ಕು ವರ್ಷ.
ಬಳ್ಳಿ ಕಿತ್ತರು, ಉತ್ತರು, ಏನೂ ಬಿತ್ತದೆ ಬಿಟ್ಟರು.
ಆ ಬಳ್ಳಿಯ ಕೊನೆಯ ಒಣದ್ರಾಕ್ಷಿ
ಷೆಡ್ಡಿನ ಪಟ್ಟಿಯ ಮೇಲೆ ನನ್ನ ಕೈ ದಾಟಿಯೇ ಹೋಗಿರಬೇಕು,
ಕಡ್ಡಿ, ಕಲ್ಲು ಆರಿಸಿದ್ದೇನೆ; ಯಾರದೆಂದು ಕೇಳಿರಲಿಲ್ಲ.
ತಂತಿ ಅವಳ ಜೇಬಿಗೆ ಹೋಯಿತು.

ಮರಳುವಾಗ ಕೇಳಿದಳು,
ಆ ಮೊದಲಿನ ಮುಳ್ಳಿಗೆ ನಿಮ್ಮಲ್ಲಿ ಏನೆನ್ನುತ್ತಾರೆ?
ನೆಗ್ಗಿಲು, ಎಂದೆ.
ನೇಗಿಲು, ಎಂದಳು.
ಅಲ್ಲ, ನೆಗ್ಗಿಲು.
ನೇಗಿಲು, ಎಂದಳು, ಆ ಬಯಲಿನ ಕಡೆ ತಿರುಗಿ.
ಮೂರನೆಯ ಸಲ ನಾನು ತಿದ್ದಲಿಲ್ಲ.

ಎಳೆಯ ಮೀಸೆ ಡಾಂಬರಿಗೆ ತಾಗಿ
ಪಟ್ ಪಟ್ ಎನ್ನುತ್ತಲೇ ಇತ್ತು,
ಡೀಕಿನ್ ಅವೆನ್ಯೂ ಬರುವ ಹೊತ್ತಿಗೆ
ಸವೆದು ಸುಮ್ಮನಾಯಿತು.